ಸಂಜೆಯ ಮೂರು ಮೊಟ್ಟೆ

"ಆ ಮೂರನ್ನ ಬಿಟ್ಟುಬಿಡು," ಎಂದರು ಪ್ರೊಫೆಸರ್. "ಹತ್ತರಲ್ಲಿ ಏಳು ಸರಿಯಾಗಿ ಬಂದಿದೆಯಲ್ಲ. ಉಳಿದದ್ದರಲ್ಲಿ ನಿನ್ನ ಕೈ ತಪ್ಪಿದೆ. ಶುಕ್ರವಾರ ಲೇಖನ ಕಳಿಸೋಣ."

ಸಂಶೋಧನೆಯ ಹುಡುಗಿ ತಲೆ ತಗ್ಗಿಸಿದಳು. ಮೊಟ್ಟೆಯೊಳಗೆ ಬೆಳೆಯುವ ಕೋಳಿಮರಿಯ ಬೆನ್ನುಹುರಿಯಲ್ಲಿ, ಒಂದು ಪಕ್ಕದಲ್ಲಿ ಹುಟ್ಟಿದ ನರದ ಎಳೆ ನಡುಗೆರೆ ದಾಟಿ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ನಡುಗೆರೆಯೇ ಏನನ್ನೋ ಸೂಸಿ ಅದನ್ನು ಕರೆಯುತ್ತದೆ ಎಂಬುದು ಪ್ರೊಫೆಸರರ ವಾದ. ಅದನ್ನು ತೋರಿಸಲು ಅವಳು ಬೇರೆ ಮರಿಯ ನಡುಗೆರೆಯಿಂದ ಸಾಸಿವೆಗಿಂತ ಸಣ್ಣ ಚೂರು ತೆಗೆದು ಎಳೆಗಳ ಪಕ್ಕದಲ್ಲಿ ಕಸಿ ಮಾಡಿದ್ದಳು. ಏಳು ಮರಿಗಳಲ್ಲಿ ಎಳೆಗಳು ಚೂರಿನತ್ತ ಬಾಗಿದ್ದವು. ಮೂರರಲ್ಲಿ ಅದಕ್ಕೆ ಬೆನ್ನು ಹಾಕಿ ದೂರ ಸರಿದಿದ್ದವು.

"ಕೈ ತಪ್ಪಿಲ್ಲ ಸಾರ್. ಹೊತ್ತು ತಪ್ಪಿದೆ."

ಹೇಳಿದವಳು ಮೊಟ್ಟೆಯಮ್ಮ. ಇಪ್ಪತ್ತೆರಡು ವರ್ಷದಿಂದ ಪ್ರಯೋಗಾಲಯದ ಕಾವುಪೆಟ್ಟಿಗೆ ಅವಳ ಸುಪರ್ದಿನಲ್ಲಿತ್ತು. ಯಾವ ಕೋಳಿಯೂ ನಿನ್ನಷ್ಟು ಕಾವು ಕೊಟ್ಟಿರಲಾರದು ಎಂದು ಗಂಡ ಮನೆಯಲ್ಲಿ ರೇಗಿಸುತ್ತಿದ್ದ.

"ಬೆಳಿಗ್ಗೆ ಏಳು ಮೊಟ್ಟೆ ಮುಗಿಸೋ ಹೊತ್ತಿಗೆ ಇವಳಿಗೆ ಹಲ್ಲುನೋವು ತಡೆಯೋಕಾಗಲಿಲ್ಲ. ಕೀಳಿಸ್ಕೊಂಡು ಬಂದು ಸಂಜೆ ಈ ಮೂರಕ್ಕೆ ಕಸಿ ಮಾಡಿದ್ಲು. ನನ್ನ ಪುಸ್ತಕದಲ್ಲಿ ಬರ್ಕೊಂಡಿದೀನಿ."

"ಅರ್ಧ ದಿನದಲ್ಲಿ ಏನಾಗತ್ತೆ?"

"ಮೂರು ದಿನದ ಮರಿಗೆ ಅರ್ಧ ದಿನ ಸಣ್ಣ ಮಾತಾ ಸಾರ್? ಅಷ್ಟರಲ್ಲಿ ಎಳೆಗಳು ನಡುಗೆರೆ ದಾಟಿರ್ತವೆ. ಕರೆದ ನಡುಗೆರೆಯೇ ಆಮೇಲೆ ಆಚೆ ದಬ್ಬತ್ತೇನೋ. ಇಲ್ದಿದ್ರೆ ಅಲ್ಲೇ ಠಿಕಾಣಿ ಹಾಕಲ್ವಾ? ಮುಂದೆ ಹೋಗೋದು ಹೇಗೆ?"

ಪ್ರೊಫೆಸರರ ಮುಖ ಬಿಗಿಯಿತು. "ನೀವು ಮೊಟ್ಟೆ ನೋಡ್ಕೊಳ್ಳಿ ಅಮ್ಮ."

"ನೋಡ್ಕೊಂಡೇ ಹೇಳ್ತಿದೀನಿ. ಚಿಪ್ಪಿಗೆ ಕಿಟಕಿ ಕೊರೆಯೋದು ನಿಮಗೆ ಕಲಿಸಿದ್ದೂ ನಾನೇ. ಮೊದಲ ದಿನ ಎಷ್ಟು ಒಡೆದ್ರಿ ಅಂತ ಈ ಹುಡುಗಿ ಮುಂದೆ ಹೇಳ್ಲಾ?"

ಹುಡುಗಿ ಊದಿದ ಕೆನ್ನೆಗೆ ಕೈ ಒತ್ತಿಕೊಂಡು ನಗು ನುಂಗಿದಳು. ಆಮೇಲೆ ತಲೆಯೆತ್ತಿ, "ಅಕ್ಕ ಹೇಳಿದ್ದು ನಿಜ ಸಾರ್. ಹೊತ್ತಾಗಿದ್ದನ್ನ ನಿಮಗೆ ಹೇಳೋಕೆ ಹೆದರಿದೆ. ಆ ಮೂರನ್ನ ಬಿಟ್ಟು ನಾನು ಬರೆಯಲ್ಲ," ಎಂದಳು.

ಪ್ರೊಫೆಸರ್ "ಹೊಸದಾಗಿ ಹನ್ನೆರಡು ಮೊಟ್ಟೆ ಕಾವಿಗಿಡಿ," ಎಂದು ಎದ್ದು ಹೋದರು.

ಶುಕ್ರವಾರ ಕಳೆಯಿತು. ಆರು ಮೊಟ್ಟೆಗಳಿಗೆ ಬೆಳಿಗ್ಗೆ, ಆರಕ್ಕೆ ಸಂಜೆ ಕಸಿಯಾಯಿತು. ಸಂಜೆಯದೊಂದು ಸತ್ತಿತು. ಎಳೆಗಳಿಗೆ ಹೊಳೆಯುವ ಬಣ್ಣ ಹಾಕಿ ಸಿದ್ಧಪಡಿಸಿದ ಹನ್ನೊಂದು ಗಾಜಿನ ಪಟ್ಟಿಗಳನ್ನು, ಯಾವುದು ಯಾವ ಹೊತ್ತಿನದೆಂದು ಹೇಳದೆ, ಮೊಟ್ಟೆಯಮ್ಮ ಕಲೆಸಿ ಕೊಟ್ಟಳು. ಪ್ರೊಫೆಸರ್ ತಾವೇ ಸೂಕ್ಷ್ಮದರ್ಶಕದ ಮುಂದೆ ಕುಳಿತರು.

"ಹತ್ತಿರ," ಎಂದರು. "ಹತ್ತಿರ. ದೂರ." ಹುಡುಗಿ ಬರೆದುಕೊಂಡಳು. ಕೊನೆಗೆ ಮೊಟ್ಟೆಯಮ್ಮ ತನ್ನ ಪುಸ್ತಕ ಬಿಚ್ಚಿ ಪಕ್ಕದಲ್ಲಿಟ್ಟಳು. ಬೆಳಗಿನ ಆರೂ ಹತ್ತಿರ. ಸಂಜೆಯ ಐದೂ ದೂರ.

ಪ್ರೊಫೆಸರ್ ಎರಡು ಸಲ ತಾಳೆ ನೋಡಿದರು. "ನನ್ನದು ಅರ್ಧವೇ ಸರಿ," ಎಂದರು. ದನಿಯಲ್ಲಿ ಸೋಲಿರಲಿಲ್ಲ, ಹಸಿದವನ ಆತುರವಿತ್ತು. "ಲೇಖನ ಮೊದಲಿಂದ ಬರೀಬೇಕು. ಮೂರೂ ಜನರ ಹೆಸರಲ್ಲಿ."

ಎದ್ದು ಸ್ಟೂಲನ್ನು ಮೊಟ್ಟೆಯಮ್ಮನತ್ತ ಸರಿಸಿದರು. "ಕೂತ್ಕೊಳ್ಳಿ ಅಮ್ಮ. ನೋಡಿ."

ಇಷ್ಟು ವರ್ಷದಲ್ಲಿ ಯಾರೂ ಕರೆದಿರಲಿಲ್ಲ, ಅವಳೂ ಕೇಳಿರಲಿಲ್ಲ. ಮೊಟ್ಟೆಯಮ್ಮ ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿದಳು. ಕತ್ತಲೆಯಲ್ಲಿ ಕೆಂಪು ಎಳೆಗಳು ಸಾಲಾಗಿ ಗೆರೆ ದಾಟಿ, ತಿರುಗಿ ಮೇಲೇರಿದ್ದವು. ಪ್ರತಿಯೊಂದರ ತುದಿಯಲ್ಲೂ ಬೆರಳು ಚಾಚಿದ ಪುಟ್ಟ ಅಂಗೈ. ಉಸಿರು ತಾಕಿ ಗಾಜು ಮಂಜಾದೀತೆಂದು ಅವಳು ಬಾಯಿ ಬಿಗಿಹಿಡಿದು ನೋಡುತ್ತಲೇ ಇದ್ದಳು.