ಬಂದರಿನಿಂದ ಹೊರಟ ಬಿಳಿ ಗೌನುಗಳು

ಮಂಗಳೂರಿನಲ್ಲಿ ಕಡಲು ದಾಟುವ ಯಾವ ಗಂಟೂ ಉಪ್ಪಿನಕಾಯಿ ಇಲ್ಲದೆ ಮನೆಯ ಹೊಸ್ತಿಲು ದಾಟುವುದಿಲ್ಲ. ದುಬೈಗೆ ಹೋಗುವ ಮಗನ ಅಂಗಿಗಳ ನಡುವೆಯೋ ಮಸ್ಕತ್ತಿಗೆ ಹೋಗುವ ಅಳಿಯನ ಬೂಟಿನೊಳಗೋ, ಎಲ್ಲಿಯಾದರೂ ಒಂದು ಬಾಟಲಿ ಕುಳಿತಿರಲೇಬೇಕು. ಹೀಗಿರುವಾಗ ದೇರೆಬೈಲಿನ ಅಪೊಲಿನ್ ಬಾಯಿ, ಆಫ್ರಿಕಾದ ಆಸ್ಪತ್ರೆಗೆ ಹೊರಟ ಗೌನುಗಳ ನಡುವೆ ಸಿಗಡಿ ಉಪ್ಪಿನಕಾಯಿಯ ಬಾಟಲಿಯೊಂದನ್ನು ತುರುಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವೆಂದರೆ, ಕೆಮ್ಮಿದ್ದನ್ನೂ ಕೇರಿಗೆಲ್ಲ ಹೇಳಿಕೊಂಡು ಬರುವ ಆ ಹೆಂಗಸು ಇದನ್ನು ಮಾತ್ರ ಯಾರ ಹತ್ತಿರವೂ ಬಾಯಿಬಿಡದೆ ಇದ್ದದ್ದು.

ಆ ಆಸ್ಪತ್ರೆ ಇದ್ದದ್ದು ತಾಂಜಾನಿಯಾದ ಒಳನಾಡಿನಲ್ಲಿ. ಅಪೊಲಿನ್ ಬಾಯಿಯ ತಂಗಿ ಸಿಸ್ಟರ್ ಜೆಸಿಂತಾ ಅಲ್ಲಿ ದೊಡ್ಡ ನರ್ಸು. ಕೊರೊನಾ ಬಂದ ಎರಡನೆಯ ವರ್ಷ ಅದು. ಜ್ವರದ ವಾರ್ಡಿಗೆ ಹೋಗುವ ನರ್ಸುಗಳು ಹರಿದ ರೈನ್‌ಕೋಟು ತೊಟ್ಟು ದಿನ ನೂಕುತ್ತಿದ್ದರು. ಅವರಲ್ಲಿ ಇಬ್ಬರು ಅದೇ ಜ್ವರಕ್ಕೆ ತೀರಿಕೊಂಡರು.

"ಗೌನು ಬಾರದಿದ್ರೆ ವಾರ್ಡಿಗೆ ಬೀಗ ಹಾಕ್ತಾರಂತೆ ಅಕ್ಕಾ," ಎಂದು ಜೆಸಿಂತಾ ಫೋನಿನಲ್ಲಿ ಅತ್ತಿದ್ದಳು. "ಒಮ್ಮೆ ತೊಟ್ಟು ಬಿಸಾಡುವಂಥದ್ದು ಬೇಡ. ಕುದಿಸಿ ಒಗೆದು ಮತ್ತೆ ತೊಡುವಂಥದ್ದು ಕಳಿಸಿ. ಬೀಗ ಬಿದ್ರೆ ಇಲ್ಲಿಯ ಜನಕ್ಕೆ ಬೇರೆ ಆಸ್ಪತ್ರೆ ಇಲ್ಲ."

ಹೊರದೇಶದ ಇಗರ್ಜಿಗಳು ಕಳಿಸಿದ ಹಾಲಿನ ಪುಡಿಗೆ ಪಾತ್ರೆ ಹಿಡಿದು ಸಾಲು ನಿಂತಿದ್ದ ಕಾಲ ಈ ಊರಿಗೂ ಇತ್ತು. ಚಿಕ್ಕಂದಿನಲ್ಲಿ ಅಪೊಲಿನ್ ಬಾಯಿಯೂ ನಿಂತಿದ್ದರು. "ತೆಗೆದುಕೊಂಡದ್ದು ಸಾಕು, ಈಗ ಕೊಡುವ ಸರದಿ ನಮ್ಮದು," ಎಂದು ಫಾದರ್ ಕೆಲ್ವಿನ್ ಪೂಜೆಯ ಕೊನೆಗೆ ಹೇಳಿದ್ದೇ ತಡ, ಇಗರ್ಜಿಯ ಸಭಾಂಗಣ ಹೊಲಿಗೆ ಯಂತ್ರಗಳಿಂದ ತುಂಬಿಹೋಯಿತು. ಮೇಲುಸ್ತುವಾರಿ ಅಪೊಲಿನ್ ಬಾಯಿಯದು. ಸಾಗಿಸುವ ಭಾರ ಹೊತ್ತವನು ಬಂದರಿನ ವ್ಯಾಪಾರಿ ರವೂಫ್. ತಾಂಜಾನಿಯಾದಿಂದ ಗೇರುಬೀಜ ತರಿಸಿ, ಇಲ್ಲಿಂದ ಹಂಚು ಕಳಿಸುವುದು ಅವನ ಮನೆತನದ ಕಸುಬು. ಕಂಟೇನರ್‌ಗಳಿಗೆ ಪ್ರಪಂಚವೆಲ್ಲ ಬಡಿದಾಡುತ್ತಿದ್ದ ಆ ದಿನಗಳಲ್ಲಿ ತನ್ನದರಲ್ಲಿ ಒಂದು ಮೂಲೆಯನ್ನು ಧರ್ಮಕ್ಕೆ ಬಿಟ್ಟುಕೊಟ್ಟಿದ್ದ. ಗೌನು ಬಿಟ್ಟು ಬೇರೇನೂ ಇಡಬೇಡಿ ಎಂದು ಅವನೂ ಹೇಳಿದ್ದ, ಫಾದರೂ ಹೇಳಿದ್ದರು. ಅಪೊಲಿನ್ ಬಾಯಿ ಎರಡೂ ಸಲ ಭಕ್ತಿಯಿಂದ ತಲೆಯಾಡಿಸಿದ್ದರು.

ಗುರುವಾರ ಬೆಳಗ್ಗೆ ರವೂಫನ ಫೋನು ಬಂತು.

"ಬಾಯಮ್ಮ, ನಿಮ್ಮ ಮೂಟೆಯಿಂದ ಕೆಂಪು ಎಣ್ಣೆ ಇಳೀತಾ ಉಂಟು. ಒಮ್ಮೆ ಬನ್ನಿ ಮಾರಾಯ್ರೆ."

ಅಪೊಲಿನ್ ಬಾಯಿ ಜಪಮಾಲೆ ಹಿಡಿದೇ ಮನೆಯಿಂದ ಹೊರಬಿದ್ದರು. ಕೇರಿಯ ಗುರ್ಕಾರ, ಅಂದರೆ ಇಗರ್ಜಿಯ ಪರವಾಗಿ ಅಲ್ಲಿಯ ಹಿರಿತನ ಮಾಡುವ ಆಂಬ್ರೋಸ್, ಕಾರು ತೆಗೆದ. ದಾರಿಯುದ್ದಕ್ಕೂ ಅವನು ಮಾತಾಡಿದ, ಅವರು ಜಪಮಾಲೆ ಎಣಿಸಿದರು.

ಬಂದರಿನಲ್ಲಿ ರವೂಫನ ಗೋದಾಮಿನ ಬಾಗಿಲಲ್ಲೇ ಘಮ ಮೂಗಿಗೆ ಬಡಿಯಿತು. ಮೂಟೆಯನ್ನು ಯಂತ್ರದಲ್ಲಿ ಒತ್ತಿ ಕಟ್ಟುವಾಗ ಬಾಟಲಿ ಒಡೆದಿತ್ತು. ಮೆಣಸು, ವಿನಿಗರ್, ಎಣ್ಣೆ, ಗಾಜಿನ ಚೂರು ಎಲ್ಲವೂ ಗೌನುಗಳ ಮಡಿಕೆಯಲ್ಲಿ ಸೇರಿಕೊಂಡು, ಎಣ್ಣೆ ಕೆಳಗಿನ ಮೂಟೆಗೂ ಇಳಿದಿತ್ತು. ಅರ್ಧಕ್ಕರ್ಧ ಹಾಳು. ಗಾಜಿನ ಪುಡಿ, ಮೆಣಸಿನ ಎಣ್ಣೆ ಹಿಡಿದದ್ದನ್ನು ಒಗೆದೂ ತೊಡುವ ಹಾಗಿರಲಿಲ್ಲ.

"ಇದನ್ನು ಹೀಗೇ ಹಾಕಿದ್ರೆ ಅಲ್ಲಿಯ ಕಸ್ಟಮ್ಸ್‌ನವರು ನನ್ನ ಇಡೀ ಕಂಟೇನರ್ ನಿಲ್ಲಿಸ್ತಾರೆ," ಎಂದ ರವೂಫ್. "ಶನಿವಾರ ಮಧ್ಯಾಹ್ನ ಇದು ಹಡಗು ಹತ್ಲಿಕ್ಕೆ ಪಣಂಬೂರಿಗೆ ಹೋಗ್ಬೇಕು. ತಪ್ಪಿದ್ರೆ ಇನ್ನು ಯಾವಾಗ ಸಿಗ್ತದೆ ಅಂತ ನನಗೇ ಗೊತ್ತಿಲ್ಲ."

"ಉಳಿದ ಅರ್ಧ ಕಳಿಸುವ," ಎಂದ ಆಂಬ್ರೋಸ್.

"ಅರ್ಧದಿಂದ ಎಂತ ಆಗ್ತದೆ? ಒಂದು ಒಣಗುವಾಗ ತೊಡ್ಲಿಕ್ಕೆ ಇನ್ನೊಂದು ಬೇಡ್ವಾ?" ಎಂದರು ಅಪೊಲಿನ್ ಬಾಯಿ.

"ಯಾರು ಮಾಡಿದ್ದು ಈ ಕೆಲಸ?" ಎಂದು ಆಂಬ್ರೋಸ್ ಗುಡುಗಿದ. "ಮೂಟೆಗೆ ತುಂಬಿಸಿದ ಆ ಹುಡುಗಿಯರೇ ಇರ್ಬೇಕು. ಒಬ್ಬೊಬ್ಬರನ್ನೂ ಕರೆದು ಕೇಳ್ತೇನೆ ನಾನು!"

ಸುಮ್ಮನಿದ್ದಿದ್ದರೆ ಪಾರಾಗಬಹುದಿತ್ತು. ಆದರೆ ಅಪೊಲಿನ್ ಬಾಯಿಗೆ ಬಾಯಿ ಚಪಲ ಇತ್ತೇ ಹೊರತು ಇನ್ನೊಬ್ಬರ ತಲೆಗೆ ಕಟ್ಟುವ ಬುದ್ಧಿ ಇರಲಿಲ್ಲ.

"ಯಾರನ್ನೂ ಕರೀಬೇಡ ಆಂಬ್ರೋಸ್. ಇಟ್ಟದ್ದು ನಾನೇ. ತಂಗಿ ಊರಿನ ರುಚಿ ನೋಡದೆ ವರ್ಷಗಳೇ ಆದವು ಅಂತ ಆಸೆಗೆ ಇಟ್ಟೆ. ಈಗ ಅವಳ ವಾರ್ಡಿಗೆ ನಾನೇ ಬೀಗ ಹಾಕಿದ ಹಾಗಾಯ್ತು." ಹೇಳಿದವರೇ ಮೂಟೆಯ ಮೇಲೆ ಕುಕ್ಕರಿಸಿ ಅತ್ತುಬಿಟ್ಟರು.

ಆಗ ಗೋದಾಮಿನ ಮೇಲಿನ ಮನೆಯಿಂದ ಮೆಟ್ಟಿಲಿಳಿದು ಬಂದವರು ರವೂಫನ ತಾಯಿ ಖತೀಜಮ್ಮ. ಮೇ ತಿಂಗಳಲ್ಲಿ ಗಂಡನನ್ನು ಇದೇ ಕಾಯಿಲೆಗೆ ಕಳೆದುಕೊಂಡು, ವಿಧವೆಯರು ಪಾಲಿಸುವ ಇದ್ದತ್ತಿನ ದಿನಗಳನ್ನು ಮನೆಯೊಳಗೇ ಮುಗಿಸಿ, ಮೊನ್ನೆಯಷ್ಟೇ ಹೊರಗೆ ಕಾಲಿಟ್ಟವರು. ಒಡೆದ ಬಾಟಲಿಯನ್ನು ನೋಡಿ ಹಣೆ ಚಚ್ಚಿಕೊಂಡರು.

"ಗಾಜಿನದ್ದು ಇಡ್ತಾರಾ ಬಾಯಿ? ಪ್ಲಾಸ್ಟಿಕ್ ಡಬ್ಬಿಗೆ ತುಂಬಿಸಿ, ಮುಚ್ಚಳಕ್ಕೆ ಮೈದಾ ಮೆತ್ತಿ ಟೇಪು ಸುತ್ಬೇಕು. ನನ್ನ ಇನ್ನೊಬ್ಬ ಮಗ ಶಾಹುಲ್ ಜಿದ್ದಾಕ್ಕೆ ಹೋಗುವಾಗ ನಾನೂ ಹೀಗೇ ಮಾಡಿ ಅವನ ಹೊಸ ಸೂಟು ಮೀನುಸಾರಾಗಿತ್ತು!"

ಅಳುವಿನ ನಡುವೆಯೇ ಅಪೊಲಿನ್ ಬಾಯಿಗೆ ನಗು ಬಂತು. ಖತೀಜಮ್ಮ ಮಗನ ಕಡೆ ತಿರುಗಿದರು. "ಮೇಲೆ ಆ ಬಟ್ಟೆ ಉಂಟಲ್ಲ."

ರವೂಫನ ಮುಖ ಬದಲಾಯಿತು. "ಉಮ್ಮಾ, ಅದು..."

ಅದು ಕಫನ್ ಬಟ್ಟೆ. ದಿನಕ್ಕೆ ಎಷ್ಟು ಹೆಣ ಎಂದು ಊರು ಲೆಕ್ಕ ತಪ್ಪಿದ್ದ ದಿನಗಳಲ್ಲಿ, ಗತಿಯಿಲ್ಲದವರ ಹೆಣಕ್ಕೂ ಮರ್ಯಾದೆಯ ಹೊದಿಕೆ ಸಿಗಲಿ ಎಂದು ರವೂಫನ ತಂದೆ ಥಾನುಗಟ್ಟಲೆ ಬಿಳಿ ಹತ್ತಿ ಬಟ್ಟೆ ತರಿಸಿಟ್ಟಿದ್ದರು. ಕೊನೆಗೆ ಅದರಲ್ಲಿ ಅವರಿಗೂ ಒಂದು ತುಂಡು ಹರಿಯಬೇಕಾಯಿತು. ಆಮೇಲೆ ರೋಗ ಇಳಿಯಿತು, ಬಟ್ಟೆ ಉಳಿಯಿತು.

"ಕಫನ್ ಬಟ್ಟೆಯಾ?" ಆಂಬ್ರೋಸ್ ಎರಡು ಹೆಜ್ಜೆ ಹಿಂದೆ ಸರಿದ. "ರೋಗಿಗಳ ಹತ್ತಿರ ಹೋಗುವವರಿಗೆ? ಅಪಶಕುನ ಅಲ್ವಾ?"

"ಆಂಬ್ರೋಸ್ ಪರ್ಬುಗಳೇ," ಎಂದರು ಖತೀಜಮ್ಮ, "ಅದನ್ನು ಮೇಲೆ ಇಟ್ಟುಕೊಂಡು ಯಾರು ಸಾಯ್ತಾರೆ ಅಂತ ನಾನು ಕಾಯ್ಬೇಕಾ? ಸತ್ತವರಿಗೆ ಅಂತ ತಂದದ್ದು ಬದುಕುವವರಿಗೆ ಹೋಗ್ಲಿ. ನನ್ನ ಮನೆಯವರು ಇದ್ದಿದ್ರೂ ಇದನ್ನೇ ಹೇಳ್ತಿದ್ರು."

ಅಪೊಲಿನ್ ಬಾಯಿ ಎದ್ದು, ದೂರ ನಿಲ್ಲಬೇಕೆಂಬ ನಿಯಮವನ್ನೆಲ್ಲ ಮರೆತು, ಖತೀಜಮ್ಮನ ಎರಡೂ ಕೈ ಹಿಡಿದುಕೊಂಡರು.

ಸಂಜೆ ಅವರು ಫಾದರ್ ಕೆಲ್ವಿನ್ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡರು. "ಪ್ರಾಯಶ್ಚಿತ್ತ ಎಂತ ಫಾದರ್?"

"ಎಂತದು ಪ್ರಾಯಶ್ಚಿತ್ತ! ನಾಳೆ ಬೆಳಗ್ಗೆ ಹೊಲೀಲಿಕ್ಕೆ ಕೂತ್ಕೊಳ್ಳಿ," ಎಂದು ಫಾದರ್ ಟೆಂಪೋದವನಿಗೆ ಫೋನು ಹಚ್ಚಿದರು.

ಶುಕ್ರವಾರ ಬಂದರು ಕಂಡ ದೃಶ್ಯ ಅದು ಹಿಂದೆಂದೂ ಕಂಡದ್ದಲ್ಲ. ಮೀನಿನ ಲಾರಿಗಳ ನಡುವೆ ದಾರಿ ಮಾಡಿಕೊಂಡು ಹೊಲಿಗೆ ಯಂತ್ರಗಳ ಟೆಂಪೋ ಬಂತು. ಪಾದ್ರಿಗಳೇ ಬಿಳಿ ನಿಲುವಂಗಿ ಎತ್ತಿ ಕಟ್ಟಿ ಯಂತ್ರ ಇಳಿಸಿದರು. ಅಪೊಲಿನ್ ಬಾಯಿಯ ನೆರೆಮನೆಯ ದೇಯಿ, "ಇಗರ್ಜಿಗೆ ಸೇರಿದವಳಲ್ಲದಿದ್ರೆ ಎಂತ, ನನಗೆ ಹೊಲೀಲಿಕ್ಕೆ ಬರುದಿಲ್ವಾ?" ಎನ್ನುತ್ತ ತನ್ನ ಯಂತ್ರದ ಜೊತೆಗೇ ಹತ್ತಿ ಬಂದಿದ್ದಳು. ರವೂಫನ ಹೆಂಡತಿ, ನಾದಿನಿಯರು, ಓಣಿಯ ಹೆಂಗಸರು ಮಹಡಿ ತುಂಬ ಕುಳಿತರು. ಕತ್ತರಿ ಖತೀಜಮ್ಮನ ಕೈಯಲ್ಲಿ. ಥಾನು ಬಿಚ್ಚಿ ಮೊದಲ ಮಡಿಕೆ ಹರಡಿದಾಗ ಅವರ ಕೈ ಒಮ್ಮೆ ನಿಂತಿತು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಕತ್ತರಿ ಓಡಲು ಶುರುವಾದದ್ದು ನಿಲ್ಲಲೇ ಇಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. "ಹೋಗ್ಲಿ ಬಿಡಿ, ನಮ್ಮ ಕಾಲಿಗೆ ಕರೆಂಟು ಬೇಡ," ಎಂದು ದೇಯಿ ತುಳಿದೇ ತುಳಿದಳು. ಜುಮ್ಮಾ ನಮಾಝು ಮುಗಿಸಿ ಬಂದ ಗಂಡಸರಿಗೆ ಗೌನು ಮಡಚುವ ಕೆಲಸ ಬಿತ್ತು. ಅವರು ಮಡಚಿದ್ದನ್ನು ಅಪೊಲಿನ್ ಬಾಯಿ ಬೈಯುತ್ತ ಮತ್ತೆ ಮಡಚಿದರು. ಆಂಬ್ರೋಸ್ ಅಪಶಕುನದ ಸುದ್ದಿ ಎತ್ತದೆ ಲಾಡಿಗಳನ್ನು ಕತ್ತರಿಸುತ್ತ ಕುಳಿತ. ಅಪೊಲಿನ್ ಬಾಯಿ ಶುಕ್ರವಾರ ಮಾಂಸ ಮುಟ್ಟುವುದಿಲ್ಲವೆಂದು ಕೇಳಿ ತಿಳಿದುಕೊಂಡಿದ್ದ ಖತೀಜಮ್ಮ ಎಲ್ಲರಿಗೂ ಮೀನುಸಾರು, ಕುಚ್ಚಲಕ್ಕಿ ಅನ್ನ ಬಡಿಸಿದರು. ಹತ್ತು ಕೈ ಕೂಡಿದರೆ ಹೊರೆ ಹಗುರ ಎನ್ನುತ್ತಾರೆ. ಇಲ್ಲಿ ಕೂಡಿದ ಕೈಗಳನ್ನು ಎಣಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಶನಿವಾರ ಬೆಳಗ್ಗೆ ಕೊನೆಯ ಗೌನಿನ ದಾರ ಕಡಿದಾಗ ಕಂಟೇನರ್ ಬಾಗಿಲು ತೆರೆದೇ ಇತ್ತು. ಕಟ್ಟುವ ಮುಂಚೆ ರವೂಫ್ ಪ್ರತಿ ಮೂಟೆಯೊಳಗೂ ಕೈಹಾಕಿ ತಡಕಿದ.

"ಬಾಯಮ್ಮ, ಸತ್ಯ ಹೇಳಿ. ಎಂತಾದ್ರೂ ಇಟ್ಟಿದ್ದೀರಾ?"

"ದೇವರಾಣೆ ಇಲ್ಲ ಮಾರಾಯ! ಬೇಕಾದ್ರೆ ನನ್ನ ಚೀಲವನ್ನೂ ನೋಡು."

ಬಾಗಿಲು ಮುಚ್ಚಿ ಸೀಲು ಬಿತ್ತು. ಲಾರಿ ಪಣಂಬೂರಿನ ಕಡೆ ತಿರುಗಿದಾಗ ಹಮಾಲರು ಕೇಕೆ ಹಾಕಿದರು, ಫಾದರ್ ಸಿಳ್ಳೆ ಹೊಡೆದರು. ಪಾದ್ರಿಗಳಿಗೆ ಸಿಳ್ಳೆ ಬರುತ್ತದೆಂದು ಇಗರ್ಜಿಯ ಜನಕ್ಕೆ ಗೊತ್ತಾದದ್ದೇ ಅವತ್ತು.

ಡಿಸೆಂಬರಿನ ಒಂದು ಸಂಜೆ ಜೆಸಿಂತಾಳ ವಿಡಿಯೋ ಕರೆ ಬಂದಾಗ ಅಪೊಲಿನ್ ಬಾಯಿ ಖತೀಜಮ್ಮನ ಮಹಡಿಯಲ್ಲೇ ಇದ್ದರು. ಇತ್ತೀಚೆಗೆ ಅವರು ಅಲ್ಲೇ ಹೆಚ್ಚು.

"ಅಕ್ಕಾ, ಬೀಗ ಹಾಕ್ಲಿಲ್ಲ!" ಎಂದಳು ಜೆಸಿಂತಾ. "ಗೌನು ಬಂದ ಮೇಲೆ ನಮ್ಮ ಒಬ್ಬ ನರ್ಸೂ ಜ್ವರ ಹಿಡಿದು ಮಲಗ್ಲಿಲ್ಲ. ನೀವೇ ನೋಡಿ."

ಅವಳು ಫೋನನ್ನು ವಾರ್ಡಿನ ಕಡೆ ತಿರುಗಿಸಿದಳು. ಸಾಲು ಮಂಚಗಳ ನಡುವೆ ಕಪ್ಪು ಮುಖದ ಎಳೆಯ ನರ್ಸುಗಳು ಬಿಳಿ ಗೌನು ತೊಟ್ಟು ಓಡಾಡುತ್ತಿದ್ದರು. ಒಬ್ಬಳು ಗುಣವಾದ ಬಾಣಂತಿಯೊಬ್ಬಳ ತೋಳು ಹಿಡಿದು ಬಾಗಿಲವರೆಗೆ ನಡೆಸಿಕೊಂಡು ಬಂದಳು. ಹೊರಗೆ ಕಾದಿದ್ದ ಗಂಡ ಕೂಸನ್ನು ಎತ್ತಿ ತೋರಿಸಿದ. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು, ಆ ನರ್ಸು ಗೌನಿನ ಅಂಚು ಹಾರಿಸುತ್ತ ಹಿಂದಿರುಗಿ ಓಡಿದಳು.

ಖತೀಜಮ್ಮ ಫೋನಿಗೆ ಮುಖ ತಾಗುವಷ್ಟು ಹತ್ತಿರ ಬಗ್ಗಿದರು. ಕಣ್ಣಲ್ಲಿ ನೀರು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ನೋಡಿ ಬಾಯಿ, ನನ್ನ ಮನೆಯವರ ಬಟ್ಟೆ ನಡೀತಾ ಉಂಟು!"

"ನಡೆಯುವುದೆಂತ ಖತೀಜಮ್ಮ," ಎಂದು ಅಪೊಲಿನ್ ಬಾಯಿ ಅವರ ಹೆಗಲು ಹಿಡಿದು ಇಡೀ ಓಣಿಗೆ ಕೇಳುವಂತೆ ಕೂಗಿದರು, "ಓಡ್ತಾ ಉಂಟು!"