ಯೆರಿಕೋವಿನ ಆರನೇ ದಿನ

ಪುತ್ತೂರಿನ ಸುಗುಣಾ ಟೀಚರು ಇಪ್ಪತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಯೆರಿಕೋ ಪಟ್ಟಣದ ಪಾಠ ಮಾಡಿದವರು. ಆರು ದಿನ ತುಟಿ ಪಿಟಕ್ಕೆನ್ನದೆ ದಿನಕ್ಕೊಂದು ಸುತ್ತು, ಏಳನೇ ದಿನ ಏಳು ಸುತ್ತು, ಆಮೇಲೆ ಒಂದೇ ಕೂಗು, ಕೋಟೆಗೋಡೆ ನೆಲಸಮ. ಮಕ್ಕಳು ಒಂದು ಸುತ್ತು ತಪ್ಪಿ ಹೇಳಿದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

೧೯೫೮ರಲ್ಲಿ ಅವರ ತಮ್ಮ ಸಾಮುವೇಲ, ಪ್ರೊಟೆಸ್ಟಂಟರ ಮನೆಯವನಾಗಿಯೂ, ಕಥೋಲಿಕರ ಹುಡುಗಿಯನ್ನು ಮದುವೆಯಾದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದ ಟೀಚರಿಗೆ ಸಿಟ್ಟು ನೆತ್ತಿಗೇರಿತು. ಮದುಮಕ್ಕಳು ಬಂದ ದಿನ ಬಾಗಿಲು ಹಾಕಿಕೊಂಡರು. ಅವನಾದರೂ ಅದೇ ಅಕ್ಕನ ತಮ್ಮ ತಾನೆ! ಅಂಗಳದಾಚೆಯ ಬಿಡಾರದಲ್ಲಿ ಸಂಸಾರ ಹೂಡಿ, ಮುರಕಲ್ಲು ತರಿಸಿ ಸುತ್ತ ಆಳೆತ್ತರದ ಗೋಡೆ ಎಬ್ಬಿಸಿದ. ಎರಡು ವರ್ಷ ಮಾತಿಲ್ಲ. ಆಚೆ ತಮ್ಮ ಕೆಮ್ಮಿದರೆ ಈಚೆ ಟೀಚರ ಗಂಟಲಲ್ಲಿ ಗಂಜಿ ಇಳಿಯುತ್ತಿರಲಿಲ್ಲ. ಅಷ್ಟು ಒಂಟಿಯಾಗಿಬಿಟ್ಟಿದ್ದರು.

ಹೋಗಿ ಕರೆದಿದ್ದರೆ ಮುಗಿಯುತ್ತಿತ್ತು. ಆದರೆ ಸೋಲುವುದು ಅವರಿಗೆ ಗೊತ್ತಿಲ್ಲ. ದೇವರೇ ಬೀಳಿಸಲಿ ಎಂದು ಒಂದು ಸೋಮವಾರ ಬೆಳಿಗ್ಗೆ ತಮ್ಮನ ಗೋಡೆಗೆ ಸುತ್ತು ಹಾಕಲು ಹೊರಟೇಬಿಟ್ಟರು.

“ಎಂತ ಟೀಚರೇ, ಕೋಳಿ ಕಾಣುದಿಲ್ವಾ?” ಎಂದು ನೆರೆಮನೆಯ ಬೀಫಾತುಮ್ಮ ಕೇಳಿದರು. ಟೀಚರು ಬಾಯಿ ಬಿಡಲಿಲ್ಲ.

ಶನಿವಾರ, ಆರನೇ ಸುತ್ತಿನಲ್ಲಿ, ಸಾಮುವೇಲ ಗೇಟಿನ ಹೊರಗೆ ನಿಂತಿದ್ದ.

“ಅಕ್ಕಾ, ಕಲ್ಲುಗುಂಡಿಯ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಉಂಟು. ನಾಳೆ ಹೋಗುದು. ನೀನು ಬೇಡ ಅಂದ್ರೆ ಹೋಗುದಿಲ್ಲ, ಇವತ್ತೇ ಈ ಗೋಡೆ ತೆಗೀತೇನೆ. ಒಂದು ಮಾತು ಹೇಳು.”

ಟೀಚರಿಗೆ ಮಾತು ನಾಲಗೆಯ ತುದಿಗೆ ಬಂತು. ಆದರೆ ಈಗ ಬಾಯಿಬಿಟ್ಟರೆ ಆರು ದಿನದ್ದೂ ನೀರುಪಾಲು. ಹೇಗೂ ಹೋದರೆ ಹತ್ತು ಗಂಟೆಯ ಬಸ್ಸಿಗೇ ಹೋದಾನು. ಅಷ್ಟರೊಳಗೆ ಏಳು ಸುತ್ತು ಮುಗಿದೀತು. ತಲೆಯಾಡಿಸಿದರೆ ಅದೂ ಮಾತೇ ಆದೀತೆಂದು ಹೆದರಿ, ನೆಲ ನೋಡುತ್ತ ಮುಂದೆ ನಡೆದರು.

“ಆಯ್ತಕ್ಕ. ಗೊತ್ತಾಯ್ತು,” ಎಂದ ತಮ್ಮ.

ಭಾನುವಾರ ಟೀಚರು ಚರ್ಚಿಗೂ ಹೋಗದೆ, ತಲೆ ಎತ್ತದೆ ಏಳು ಸುತ್ತು ಮುಗಿಸಿದರು. ಆಮೇಲೆ ಗಂಟಲು ಬಿರಿಯುವಂತೆ ಕೂಗಿದರು: “ಸಾಮೂ!”

ಒಂದು ಕಲ್ಲೂ ಅಲುಗಲಿಲ್ಲ. ಬೀಫಾತುಮ್ಮ ಓಡಿ ಬಂದರು. “ಗಂಡ ಹೆಂಡತಿ ಬೆಳಕಾಗುವ ಮುಂಚೆಯೇ ಮೊದಲ ಬಸ್ಸಿಗೆ ಹೋದ್ರಲ್ಲ ಟೀಚರೇ! ಅಕ್ಕನಿಗೆ ಹೇಳಿದ್ದೇನೆ ಅಂದ ನಿಮ್ಮ ತಮ್ಮ.”

ಟೀಚರು ಗೋಡೆಯ ಕಲ್ಲಿನ ಮೇಲೆ ಕೈಯಿಟ್ಟರು.

“ಹೋಗ್ಬೇಡ ಮಾರಾಯ,” ಎಂದರು, ಪಕ್ಕದಲ್ಲಿದ್ದ ಬೀಫಾತುಮ್ಮನಿಗೂ ಕೇಳಿಸದಷ್ಟು ಮೆಲ್ಲಗೆ.