ಬಾಡಿಗೆ ಕಮ್ಮಿ, ಗಾಳಿಯೂ ಕಮ್ಮಿ

ಬಾಡಿಗೆ ಮನೆ ಹುಡುಕುವ ಪಾಡು ಹುಡುಕಿದವರಿಗೇ ಗೊತ್ತು. ಈ ಟೈಲರ್ ನಾಲ್ಕು ತಿಂಗಳು ಹುಡುಕಿದ.

ಅವನ ಕೆಲಸ ಊರಿನ ದುಬಾರಿ ಬಡಾವಣೆಯ ಒಂದು ಬಟ್ಟೆ ಅಂಗಡಿಯಲ್ಲಿ. ಪ್ಯಾಂಟಿನ ಉದ್ದ ಮಡಚುವುದು, ಕೋಟಿನ ಸೊಂಟ ಹಿಡಿಯುವುದು. ಮನೆ ಇದ್ದದ್ದು ಊರಾಚೆ. ಎರಡು ಬಸ್ಸು ಬದಲಿಸಬೇಕು. ಅವನು ಹೊರಡುವಾಗ ಮಗಳು ಎದ್ದಿರುತ್ತಿರಲಿಲ್ಲ, ಬರುವಷ್ಟರಲ್ಲಿ ಮಲಗಿರುತ್ತಿದ್ದಳು. "ನಿಮ್ಮಪ್ಪ ಭಾನುವಾರ ಮಾತ್ರ ಬರೋ ನೆಂಟ ಕಣೇ" ಅಂತ ಹೆಂಡತಿ ತಮಾಷೆ ಮಾಡುತ್ತಿದ್ದಳು.

ಬಡಾವಣೆಯಲ್ಲಿ ಬಾಡಿಗೆ ಕೇಳಿದರೆ ತಲೆ ಗಿರ್ರೆನ್ನುತ್ತಿತ್ತು. ಕೆಲವರಂತೂ ಅವನ ಚಪ್ಪಲಿ ನೋಡಿಯೇ "ಮನೆ ಆಗ್ಲೇ ಹೋಯ್ತಪ್ಪ" ಅಂದುಬಿಟ್ಟರು. ಕೊನೆಗೆ ಒಂದು ಅಪಾರ್ಟ್‌ಮೆಂಟಿನಲ್ಲಿ, ಕಾರು ನಿಲ್ಲಿಸುವ ಜಾಗದ ಹಿಂದೆ, ಪುಟ್ಟ ಮನೆಯೊಂದು ಸಿಕ್ಕಿತು. ಒಂದೇ ಕೋಣೆ, ಅದರ ಮೂಲೆಯಲ್ಲಿ ಅಡುಗೆ ಕಟ್ಟೆ, ಪಕ್ಕದಲ್ಲೇ ಬಾತ್‌ರೂಮು. ಬಾಡಿಗೆ ಬೇರೆ ಮನೆಗಳ ಅರ್ಧ. ಓನರ್ ವಯಸ್ಸಾದವರು, ಮೆತ್ತಗೆ ಮಾತಾಡುವವರು. ಬಾತ್‌ರೂಮಿನ ಕಿಟಕಿ ಚರಂಡಿ ಪೈಪಿನ ಸಂದಿಗೆ ತೆರೆಯುತ್ತಿತ್ತು. ನಾತ ಬರುತ್ತದೆಂದು ಹಿಂದೆ ಯಾರೋ ಅದಕ್ಕೆ ಹಲಗೆ ಹೊಡೆದಿದ್ದರು. ಒಳಗೆ ಗೋಡೆಗೆ ಗ್ಯಾಸ್ ಗೀಸರ್ ಇತ್ತು.

"ಎರಡೇ ನಿಮಿಷಕ್ಕೆ ಬಿಸಿನೀರು" ಅಂದರು ಓನರ್.

ಮನೆಗೆ ಬಂದ ವಾರಕ್ಕೇ ಮೂವರಿಗೂ ತಲೆನೋವು ಶುರುವಾಯಿತು. ಹೊಸ ಸುಣ್ಣಬಣ್ಣದ ವಾಸನೆಗೆ ಇರಬೇಕು ಅಂದುಕೊಂಡರು. ಹನ್ನೊಂದು ವರ್ಷದ ಮಗಳು ಒಂದು ದಿನ ಸ್ನಾನ ಮಾಡಿ ಬಂದವಳೇ ವಾಂತಿ ಮಾಡಿದಳು. ಎರಡು ದಿನ ಬಿಟ್ಟು ಮತ್ತೆ.

ಎರಡನೇ ಮಹಡಿಯಲ್ಲಿ ಹಾಸಿಗೆ ಹಿಡಿದ ಅಜ್ಜನೊಬ್ಬರನ್ನು ನೋಡಿಕೊಳ್ಳಲು ಒಬ್ಬ ನರ್ಸಕ್ಕ ದಿನಾ ಬರುತ್ತಿದ್ದರು. ಟೈಲರನ ಹೆಂಡತಿ ಮೆಟ್ಟಿಲ ಮೇಲೆ ಹಣೆ ಹಿಡಿದು ಕೂತದ್ದು ಅವರ ಕಣ್ಣಿಗೆ ಬಿತ್ತು.

"ಏನಮ್ಮಾ, ಮುಖ ಯಾಕೆ ಹಿಂಗೆ ಬಾಡಿದೆ?"

"ತಲೆನೋವು ನರ್ಸಕ್ಕ. ನನಗೊಬ್ಬಳಿಗೇ ಅಲ್ಲ, ಮನೆಮಂದಿಗೆಲ್ಲ."

"ಹೊರಗೆ ಬಂದ್ರೆ ಕಮ್ಮಿ ಆಗುತ್ತಾ?"

ಅವಳು ಯೋಚಿಸಿದಳು. "ಹೌದಲ್ವಾ! ಮಗಳು ಸ್ಕೂಲಿಗೆ ಹೋದ್ರೆ ಸರಿಯಾಗ್ತಾಳೆ. ಇಲ್ಲಿ ಕೂತ್ಮೇಲೆ ನನಗೂ ಹಗುರ ಅನಿಸ್ತಿದೆ."

ನರ್ಸಕ್ಕ ಆಗಲೇ ಬಂದು ಬಾತ್‌ರೂಮು ನೋಡಿದರು. ಟೈಲರ್ ಬರುವವರೆಗೂ ಕಾದರು.

"ಟೈಲರಣ್ಣ, ಈ ಗೀಸರ್ ಹಚ್ಚಲೇಬೇಡಿ. ಗಾಳಿಯಾಡದ ಕಡೆ ಗ್ಯಾಸ್ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಹುಟ್ಟುತ್ತೆ. ಉಸಿರಿನ ಜೊತೆ ಒಳಗೆ ಹೋಗಿ ಕೊಲ್ಲುತ್ತೆ."

"ಗ್ಯಾಸ್ ಸೋರಿದ್ರೆ ವಾಸನೆ ಬರುತ್ತಲ್ಲಕ್ಕ?"

"ಸೋರೋ ಗ್ಯಾಸಿಗೆ ವಾಸನೆ ಇರುತ್ತೆ. ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಓನರ್‌ಗೆ ಹೇಳಿ ಗೀಸರನ್ನ ಹೊರಗೋಡೆಗೆ ಹಾಕಿಸಿ. ಕಿಟಕಿಯ ಹಲಗೆ ಕೀಳಿಸಿ."

ಟೈಲರ್ ತಲೆ ಕೆರೆದುಕೊಂಡ. "ಚಪ್ಪಲಿ ಸವೆಸಿ ಹುಡುಕಿದ ಮನೆ ಅಕ್ಕ. ಬಂದು ತಿಂಗಳಾಗಿಲ್ಲ, ಆಗ್ಲೇ ತಕರಾರು ಎತ್ತಿದ್ರೆ ಖಾಲಿ ಮಾಡು ಅಂತಾರೆ. ಎಲ್ಲಿಗೆ ಹೋಗ್ಲಿ? ತಲೆನೋವು ಯಾರಿಗಿಲ್ಲ ಹೇಳಿ?"

ಮೂರು ದಿನ ಅವರು ಒಲೆಯ ಮೇಲೆ ನೀರು ಕಾಯಿಸಿಕೊಂಡರು. ನಾಲ್ಕನೇ ಬೆಳಗ್ಗೆ ತುಂಬಾ ಚಳಿ. ಹೆಂಡತಿ ತಲೆಗೆ ನೀರು ಹಾಕಿಕೊಳ್ಳಬೇಕಿತ್ತು. ಒಂದು ಪಾತ್ರೆ ನೀರು ಯಾವ ಮೂಲೆಗೂ ಸಾಲದು. "ಒಂದಿನಕ್ಕೆ ಏನಾಗುತ್ತೆ, ಬಿಡು" ಅಂತ ಟೈಲರನೇ ಗೀಸರ್ ಹಚ್ಚಿಕೊಟ್ಟ.

ಅವನು ಅಂಗಿ ಇಸ್ತ್ರಿ ಮಾಡುತ್ತಿದ್ದ. ಒಳಗೆ ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ.

"ಅಮ್ಮಾ, ನನಗೆ ಸ್ಕೂಲಿಗೆ ಹೊತ್ತಾಯ್ತು" ಅಂತ ಮಗಳು ಕದ ತಟ್ಟಿದಳು. ಉತ್ತರ ಬರಲಿಲ್ಲ. ಟೈಲರ್ ಕೂಗಿದ. ಆಮೇಲೆ ಭುಜ ಕೊಟ್ಟು ಚಿಲಕ ಮುರಿದ. ಹೆಂಡತಿ ಗೋಡೆಗೆ ಒರಗಿ ಕುಸಿದಿದ್ದಳು.

ಕೈಗೆ ಸಿಕ್ಕ ಚಾದರ ಸುತ್ತಿ ಅವಳನ್ನು ಹೊರಗೆ ಎತ್ತಿ ತಂದ. ಅದೇ ಹೊತ್ತಿಗೆ ಕೆಲಸಕ್ಕೆ ಬಂದ ನರ್ಸಕ್ಕ ಬ್ಯಾಗು ಎಸೆದು ಓಡಿ ಬಂದರು. "ಬಯಲಲ್ಲೇ ಮಲಗಿಸಿ! ಯಾರೂ ಒಳಗೆ ಹೋಗ್ಬೇಡಿ!" ಅಂದವರೇ ಆಂಬುಲೆನ್ಸಿಗೆ ಫೋನು ಮಾಡಿದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು.

ಜೀವ ಉಳಿಯಿತು. ಆದರೆ ಅವಳು ಮೊದಲಿನ ಹಾಗೆ ಮನೆಗೆ ಬರಲಿಲ್ಲ. ಗಂಡನ ಅಂಗಡಿಯ ಅಂಗಿಗಳಿಗೆ ಮನೆಯಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದವಳು. ಈಗ ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಡುಗುತ್ತದೆ. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಾಳೆ. ಒಮ್ಮೊಮ್ಮೆ ಮಗಳನ್ನು ತನ್ನ ತಂಗಿಯ ಹೆಸರು ಹಿಡಿದು ಕರೆಯುತ್ತಾಳೆ. ಮಗಳು ತಿದ್ದುವುದಿಲ್ಲ, "ಹ್ಞೂಂ" ಅನ್ನುತ್ತಾಳೆ.

"ವಿಷಗಾಳಿ ಮೆದುಳಿಗೆ ಪೆಟ್ಟು ಕೊಟ್ಟಿದೆ. ಸಮಯ ಬೇಕು. ಪೂರ್ತಿ ಸರಿಹೋಗುತ್ತೆ ಅಂತ ಮಾತ್ರ ನಾನು ಮಾತು ಕೊಡಲಾರೆ" ಅಂದರು ಡಾಕ್ಟರು.

ಓನರ್ ನೋಡಲು ಬಂದರು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. "ಒಂದು ಮಾತು ಹೇಳಿದ್ರೆ ಅವತ್ತೇ ಮಾಡಿಸ್ತಿದ್ನಲ್ಲಪ್ಪ" ಅಂದರು.

ಟೈಲರ್ ಹೆಂಡತಿಯ ಕೈಯಿಂದ ಸೂಜಿ ತೆಗೆದುಕೊಂಡು ತಾನೇ ದಾರ ಪೋಣಿಸಿದ.

ಓನರ್ ಅಲ್ಲೇ ಮೆಟ್ಟಿಲ ಮೇಲೆ ಕೂತರು. "ಮುಂಚೆ ಇದ್ದವರ ತಾಯಿಯೂ ಅದೇ ಬಾತ್‌ರೂಮಲ್ಲಿ ಬಿದ್ದು ತೀರಿಕೊಂಡ್ರು. ವಯಸ್ಸಾಗಿತ್ತು, ಹಾರ್ಟ್ ನಿಂತಿರ್ಬೇಕು ಅಂದ್ಕೊಂಡ್ವಿ" ಅಂದರು. ಆಮೇಲೆ ಗೀಸರ್ ಬಿಚ್ಚಿಸಲು ಅಲ್ಲಿಂದಲೇ ಕೆಲಸದವನಿಗೆ ಫೋನು ಮಾಡಿದರು.

ಎರಡೇ ದಿನದಲ್ಲಿ ಗೀಸರ್ ಹೊರಗೋಡೆಗೆ ಹೋಯಿತು, ಹಲಗೆ ಕಿತ್ತು ಕಿಟಕಿ ತೆರೆಸಿದರು. ಅರ್ಧ ದಿನದ ಕೆಲಸ ಅಷ್ಟೇ. ಅವರು ಈಗಲೂ ಅದೇ ಮನೆಯಲ್ಲಿದ್ದಾರೆ. ಬೇರೆ ಕಡೆ ಹೋಗಲು ಕೈಲಾಗದು. ಅಂಗಡಿಯಲ್ಲಿ ಯಾರಾದರೂ "ಕಮ್ಮಿ ಬಾಡಿಗೆಗೆ ಮನೆ ಸಿಕ್ತು" ಅಂದರೆ ಸಾಕು, ಟೈಲರ್ ಕತ್ತರಿ ಕೆಳಗಿಟ್ಟು ಕೇಳುತ್ತಾನೆ: "ಗೀಸರ್ ಎಲ್ಲಿದೆ ನೋಡಿದ್ಯಾ?"

ಅಕ್ಕಂದಿರೇ, ಅಣ್ಣಂದಿರೇ, ಮನೆ ನೋಡಲು ಹೋದಾಗ ಬಾಡಿಗೆ ಕೇಳುವ ಮೊದಲು ಬಾತ್‌ರೂಮಿನ ಬಾಗಿಲು ತೆಗೆಯಿರಿ. ಗ್ಯಾಸ್ ಗೀಸರ್ ಒಳಗಿದ್ದರೆ, ಹೊರಗೆ ಹಾಕಿಸುವವರೆಗೂ ಹಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೂ ಇದೇ ಅಪಾಯ. ಮನೆಯಲ್ಲಿ ಎಲ್ಲರಿಗೂ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದರೆ ಕಮ್ಮಿಯಾಗುತ್ತಿದೆಯೇ? ಎಲ್ಲರೂ ತಕ್ಷಣ ಹೊರಗೆ ಬನ್ನಿ, ಡಾಕ್ಟರಿಗೆ ತೋರಿಸಿ. ಓನರ್‌ಗೆ ಹೇಳಲು ಹೆದರಬೇಡಿ. ಇವತ್ತೇ ಹೇಳಿ. ಮನೆ ಹೋದರೆ ಇನ್ನೊಂದು ಹುಡುಕಬಹುದು.